ಹೆಬ್ಬೆರಳಿಗೆ ಗೊತ್ತಾಗದ ಅಂಚು

ಪೋರ್ಸಲೇನ್ ಟೈಲ್ಸ್ ಕಂಡುಹಿಡಿದವನ ಮೇಲೆ ನನಗೆ ಸಿಟ್ಟಿಲ್ಲ. ಎರಡು ಟೈಲ್ಸ್‌ಗಳ ಅಂಚನ್ನು ಓರೆಯಾಗಿ ಕೊಯ್ದು, ಮೂಲೆಗೆ ಪಟ್ಟಿ ಗಿಟ್ಟಿ ಏನೂ ಹೊಡೆಯದೆ ಕೂಡಿಸಬಹುದು ಅಂತ ಮೊದಲು ತೋರಿಸಿದ ಪುಣ್ಯಾತ್ಮ ಯಾರೋ, ಅವನು ಕೈಗೆ ಸಿಕ್ಕಿದರೆ ಮಾತಾಡುವುದಿದೆ. ವಿಜಯನಗರದ ಹೊಸ ಮನೆಗಳಲ್ಲಿ ಈಗ ಎಲ್ಲರಿಗೂ ಅದೇ ಬೇಕು. ಮೊಬೈಲಿನಲ್ಲಿ ಒಂದು ಫೋಟೊ ತೋರಿಸುತ್ತಾರೆ, ಹಿಂಗೇ ಬರಬೇಕು ಅನ್ನುತ್ತಾರೆ, ಕಾರು ಹತ್ತಿ ಹೋಗುತ್ತಾರೆ. ಆಮೇಲೆ ಆ ಅಂಚಿನ ಜೊತೆ ಸಂಸಾರ ಮಾಡುವವನು ನಾನು.

ಕೃಷ್ಣಮೂರ್ತಿಪುರಂನ ಆ ಕೆಲಸಕ್ಕೆ ಮಾತ್ರ ಫೋಟೊ ಇರಲಿಲ್ಲ. ಹಳೆಯ ಮನೆ, ಹಿಂಭಾಗದ ಉಗ್ರಾಣವನ್ನು ಬಚ್ಚಲುಮನೆ ಮಾಡಬೇಕಿತ್ತು. ಮನೆಯ ಯಜಮಾನರು ಕಾಲೇಜಿನ ಆಫೀಸಿನಲ್ಲಿ ಕೆಲಸ ಮಾಡುವವರು. ಅವರ ಹೆಂಡತಿ ಹೈಸ್ಕೂಲು ಮೇಡಂ. ಸ್ಕೂಟರಿನಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದರು. ಸೊಂಟದಿಂದ ಕೆಳಗೆ ಬಲವೂ ಇಲ್ಲ, ಸ್ಪರ್ಶವೂ ಇಲ್ಲ. ಯಜಮಾನರು ಆಸ್ಪತ್ರೆಯಿಂದಲೇ ವಿಡಿಯೊ ಕಾಲ್ ಮಾಡಿ ಫೋನನ್ನು ಅವರ ಕೈಗೆ ಕೊಟ್ಟರು.

“ಮೇಸ್ತ್ರಿ, ಇಲ್ಲಿಗೆ ಬಂದಾಗಿಂದ ನಾನು ಸ್ನಾನ ಮಾಡೇ ಇಲ್ಲ. ಮಾಡಿಸ್ಕೊಂಡಿದೀನಿ, ಅಷ್ಟೇ. ಮನೆಗೆ ಬಂದ್ಮೇಲೆ ಬಾಗ್ಲು ಹಾಕ್ಕೊಂಡು ಒಬ್ಳೇ ಸ್ನಾನ ಮಾಡ್ಬೇಕು. ಅದಕ್ಕೆ ಕೂರೋಕೆ ಒಂದು ಕಟ್ಟೆ ಬೇಕು,” ಅಂದರು.

“ಆಗ್ಲಿ ಮೇಡಂ, ಮಾಡ್ಕೊಡ್ತೀವಿ.”

“ಇನ್ನೊಂದು. ಅಂಚಿಗೆ ಸ್ಟೀಲ್ ಪಟ್ಟಿ, ಪ್ಲಾಸ್ಟಿಕ್ ಪಟ್ಟಿ ಏನೂ ಬೇಡ. ಇಲ್ಲಿ ಅದನ್ನೇ ನೋಡಿ ನೋಡಿ ಸಾಕಾಗಿದೆ ಕಣ್ರೀ. ಮನೆ ಬಚ್ಚಲು ಮನೆ ಬಚ್ಚಲ ಥರ ಇರ್ಬೇಕು.”

ಟೈಲ್ಸನ್ನೂ ಅವರೇ ಆರಿಸಿದ್ದರು, ಹಾಸಿಗೆಯಲ್ಲಿ ಮಲಗಿಕೊಂಡೇ, ಗಂಡ ಅಂಗಡಿಯಿಂದ ಒಂದೊಂದನ್ನೇ ಫೋನಿನಲ್ಲಿ ತೋರಿಸುತ್ತಿದ್ದಾಗ. ಮೇಲೆ ಕಲ್ಲುಬೂದು ಬಣ್ಣ, ಕಾಲಿಗೆ ಸ್ವಲ್ಪ ತರಿ ಸಿಗುವಂಥದ್ದು. ಒಳಗೆ ಮಾತ್ರ ಹಾಲಿನಂಥ ಬಿಳಿ. ಬಣ್ಣ ಇರುವುದು ಮೇಲಿನ ತೆಳು ಪದರದಲ್ಲಿ ಮಾತ್ರ. ಇಂಥದ್ದನ್ನು ಓರೆ ಕೊಯ್ಯುವುದು ಪೀಕಲಾಟದ ಕೆಲಸ. ಬ್ಲೇಡು ಬಣ್ಣದ ಗೆರೆಯವರೆಗೂ ಹೋಗಬೇಕು, ಅದನ್ನು ಮುಟ್ಟಬಾರದು. ಚೂರು ಹೆಚ್ಚು ಹೋದರೆ ಅಕ್ಕಿ ನುಚ್ಚಿನ ಹಾಗೆ ಅಂಚು ಉದುರುತ್ತದೆ, ಉದುರಿದ ಕಡೆಯೆಲ್ಲ ಬಿಳಿ ಹಲ್ಲು ಕಿರಿಯುತ್ತದೆ.

ಕಟ್ಟೆಯ ಎತ್ತರ ಗಾಲಿಕುರ್ಚಿಯ ಸೀಟಿನಷ್ಟೇ. ಕುರ್ಚಿಯನ್ನು ಪಕ್ಕಕ್ಕೆ ತಂದು ನಿಲ್ಲಿಸಿ, ಗೋಡೆಯ ಕಂಬಿ ಹಿಡಿದು, ತೋಳಿನ ಬಲದಲ್ಲೇ ಮೈಯನ್ನು ಕಟ್ಟೆಗೆ ಜಾರಿಸಿಕೊಳ್ಳಬೇಕು. ಅದನ್ನು ಆಸ್ಪತ್ರೆಯಲ್ಲಿ ಅವರಿಗೆ ಕಲಿಸಿದ್ದರು. ಅಂದರೆ ದಿನಾ ಅವರ ತೊಡೆ ಆ ಮುಂದಿನ ಅಂಚಿನ ಮೇಲೆ ಹಾದು ಹೋಗುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿತ್ತು ಅಂದರೆ ಎತ್ತರದ ಅಳತೆಗೆ ಬೇಕಾದಷ್ಟು ಗೊತ್ತಿತ್ತು.

ಕೆಲಸದಲ್ಲಿ ನಾವು ಇಬ್ಬರು. ಕಟ್ಟುವುದು, ಅಂಟಿಸುವುದು ನನ್ನ ಜೊತೆಗಾರನ ಪಾಲು, ಕೊಯ್ಯುವುದು ನನ್ನದು. ಒಂಟಿಕೊಪ್ಪಲಿನ ಒಂದೇ ಬೀದಿಯವರು, ಒಂದೇ ಸ್ಕೂಟರಿನಲ್ಲಿ ಓಡಾಡುತ್ತೇವೆ, ದಿನಕ್ಕೆ ಒಂದು ಸಲವಾದರೂ ಜಗಳವಾಡುತ್ತೇವೆ. ಅವನು ಇಟ್ಟಿಗೆಯಲ್ಲಿ ಕಟ್ಟೆ ಎಬ್ಬಿಸಿ, ನೀರು ನಿಲ್ಲದ ಹಾಗೆ ವಾಟ ಕೊಟ್ಟು, ಗೋಡೆ ನೆಲ ಎಲ್ಲ ಮುಗಿಸಿದ. ಉಳಿದದ್ದು ಕಟ್ಟೆಗೆ ಹೊದಿಸುವ ಟೈಲ್ಸ್. ಮೇಡಂ ಶುಕ್ರವಾರ ಮನೆಗೆ ಬರುವುದೆಂದು ಗೊತ್ತಾಗಿತ್ತು. ನಾನು ಕೊಯ್ಯುವ ಮಷಿನ್ ಇಟ್ಟದ್ದು ಆ ವಾರದ ಶುರುವಿನಲ್ಲಿ.

ಹಿತ್ತಲಲ್ಲಿ ಎರಡು ಸ್ಟ್ಯಾಂಡಿನ ಮೇಲೆ ಪ್ಲೈವುಡ್ ಹಾಕಿ, ಅದರ ಮೇಲೆ ಟೈಲ್ಸ್ ಮಲಗಿಸಿ ಬಿಗಿದೆ. ಕೊಯ್ಯುವ ಗೆರೆಯ ಮೇಲೆ ಪೇಪರ್ ಟೇಪ್ ಅಂಟಿಸಿದೆ, ಬಣ್ಣದ ಪದರ ಸಿಡಿಯದಿರಲಿ ಅಂತ. ಗ್ರೈಂಡರನ್ನು ನಲವತ್ತೈದು ಡಿಗ್ರಿಗೆ ವಾಲಿಸಿ ಹಿಡಿಯುವ ಗಾಡಿ ಒಂದಿದೆ, ಅಲ್ಯೂಮಿನಿಯಂ ಪಟ್ಟಿಯ ಮೇಲೆ ಓಡುತ್ತದೆ. ಬ್ಲೇಡು ವಜ್ರದ ಪುಡಿಯದು. ಪೋರ್ಸಲೇನ್ ಕೊಯ್ದು ಕೊಯ್ದು ಅದು ನುಣ್ಣಗಾಗಿಬಿಡುತ್ತದೆ, ಆಗ ಕೊಯ್ಯುವುದಿಲ್ಲ, ಬರೀ ಉಜ್ಜಿ ಕಾಯುತ್ತದೆ. ಅದಕ್ಕೇ ನಡುನಡುವೆ ಕೆಂಪು ಇಟ್ಟಿಗೆಯಲ್ಲಿ ಎರಡು ಸಲ ಓಡಿಸಿ ತರಿ ಎಬ್ಬಿಸಿಕೊಳ್ಳಬೇಕು. ನೀರಿನ ಬಾಟಲಿಗೆ ತೂತು ಮಾಡಿ ಬ್ಲೇಡಿನ ಮೇಲೆ ಸಣ್ಣಗೆ ಬೀಳುವ ಹಾಗೆ ಕಟ್ಟಿದೆ. ಬಣ್ಣದ ಗೆರೆಯಿಂದ ಉಗುರಿನ ದಪ್ಪದಷ್ಟು ಬಿಟ್ಟು ಕೊಯ್ಯುವುದು, ಆ ಉಳಿದದ್ದನ್ನು ಆಮೇಲೆ ತರಿಯಿರುವ ಪ್ಯಾಡಿನಲ್ಲಿ ತಿಕ್ಕಿ ಗೆರೆಗೆ ತರುವುದು. ಇದೇ ಕ್ರಮ.

ಮೊದಲನೆಯದು ಚೆನ್ನಾಗಿಯೇ ಹೋಯಿತು, ಮುಕ್ಕಾಲು ಪಾಲು. ಆಮೇಲೆ ಟಕ್ ಅಂತ ಒಂದು ಸದ್ದು. ಅಂಚಿನಿಂದ ಒಂದು ಚಕ್ಕೆ ಹಾರಿ ತುಳಸಿಕಟ್ಟೆಯ ಹತ್ತಿರ ಬಿತ್ತು.

ಹೋಗಲಿ, ಒಂದು ಹೋಗುವುದು ಇದ್ದದ್ದೇ. ಬ್ಲೇಡಿಗೆ ಇಟ್ಟಿಗೆ ತೋರಿಸಿ, ಎರಡನೆಯದನ್ನು ಇನ್ನೂ ನಿಧಾನಕ್ಕೆ ಬಿಟ್ಟೆ. ಅದೇ ಜಾಗಕ್ಕೆ ಬಂದಾಗ ಅದೇ ಟಕ್. ಈ ಸಲ ಚಕ್ಕೆಯಲ್ಲ, ಮೂಲೆಯೇ ಕಳಚಿ ಕೈಗೆ ಬಂತು.

“ಸ್ಟ್ಯಾಂಡ್ ಅಲ್ಲಾಡ್ತಿದೆ. ಮಟ್ಟ ನೋಡಿ ಇಟ್ಯೇನೋ ನೀನು?” ಅಂತ ಜೊತೆಗಾರನ ಮೇಲೆ ಹಾರಿದೆ.

“ಸ್ಟ್ಯಾಂಡ್ ಅಂಗೇ ಐತೆ ಕಣೋ. ಅಲ್ಲಾಡ್ತಿರೋದು ನಿನ್ ಕೈ,” ಅಂದ ಅವನು, ಬೀಡಿ ಆರಿಸುತ್ತ.

ಸಿಟ್ಟು ನೆತ್ತಿಗೇರಿತು. ಆದರೂ ಒಂದು ಮಾತು ಕೊರೆಯುತ್ತಿತ್ತು. ನನ್ನ ಕೈ ತಪ್ಪಿದರೆ ಬೇರೆ ಬೇರೆ ಕಡೆ ತಪ್ಪಬೇಕು. ಒಂದೇ ಜಾಗದಲ್ಲಿ ತಪ್ಪುವಷ್ಟು ಶಿಸ್ತು ನನ್ನ ಕೈಗಿಲ್ಲ. ಉಳಿದ ಟೈಲ್ಸನ್ನು ನೋಡೋಣ ಅಂತ ವರಾಂಡಕ್ಕೆ ಹೋದೆ. ಪೆಟ್ಟಿಗೆಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದೆವು. ಒಂದನ್ನು ಹೊರಗೆ ಎಳೆದು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ನೀರು ಆರುತ್ತ ಬಂತು, ಒಂದು ಗೆರೆ ಮಾತ್ರ ಆರಲಿಲ್ಲ. ಕೂದಲೆಳೆಯಷ್ಟು ಸಣ್ಣದು, ಅಂಚಿನಿಂದ ಒಂದು ಗೇಣು ಒಳಕ್ಕೆ. ಪೆಟ್ಟಿಗೆಯ ಮೇಲ್ಭಾಗ ನೋಡಿದೆ. ರಟ್ಟು ಸ್ವಲ್ಪ ತಗ್ಗಾಗಿತ್ತು, ನೀರು ಚೆಲ್ಲಿ ಒಣಗಿದ ಕಲೆ ಇತ್ತು, ಮಡಿಕೆಯಲ್ಲಿ ತೆಂಗಿನ ನಾರು ಸಿಕ್ಕಿಕೊಂಡಿತ್ತು.

ಯಜಮಾನರ ತಾಯಿ ಅಡುಗೆಮನೆಯಲ್ಲಿ ಆಸ್ಪತ್ರೆಗೆ ಕಳಿಸುವ ಕ್ಯಾರಿಯರ್‌ಗೆ ಸಾರು ಬಗ್ಗಿಸುತ್ತಿದ್ದರು.

“ಅಮ್ಮ, ಟೈಲ್ಸ್ ಬಾಕ್ಸ್ ಹತ್ರ ಕಾಯಿ ಏನಾದ್ರೂ ಒಡೆದ್ರಾ?”

ಅವರ ಮುಖ ಅರಳಿತು. “ಹ್ಞೂ ಕಣಪ್ಪ, ಬಂದಿಳಿದ ದಿವಸಾನೇ ಒಡೆದೆ. ನಮ್ಮ ಹುಡುಗಿಗೋಸ್ಕರ ಆಗ್ತಿರೋ ಕೆಲ್ಸ, ವಿಘ್ನ ಬರಬಾರ್ದು ಅಂತ. ನೆಲ ಎಲ್ಲ ಸಿಮೆಂಟು ಮರಳು, ಅದ್ರ ಮೇಲೆ ಹೇಗೆ ಒಡೆಯೋದು? ಬಾಕ್ಸ್ ಮೇಲೇ ಒಡ್ದೆ. ಒಂದೇ ಏಟಿಗೆ ಸರಿಯಾಗಿ ಎರಡು ಹೋಳಾಯ್ತು ನೋಡು.”

ಟೈಲ್ಸ್ ಮಲಗಿದ್ದಾಗ ಎಷ್ಟು ಭಾರವನ್ನಾದರೂ ಹೊರುತ್ತದೆ. ನಿಂತಿರುವಾಗ ಅಂಚಿನ ಮೇಲೆ ಏಟು ಬಿದ್ದರೆ ಮುಗಿಯಿತು. ಆ ಒಂದು ಏಟಿಗೆ ಪೆಟ್ಟಿಗೆಯೊಳಗಿನ ಟೈಲ್ಸ್‌ಗಳಲ್ಲಿ ಹೆಚ್ಚಿನವು ಸೀಳು ಬಿಟ್ಟಿದ್ದವು. ಬಾಯಿಗೆ ಏನೇನೋ ಬಂತು. ವಿಘ್ನ ಬರಬಾರದು ಅಂತ ವಿಘ್ನವನ್ನೇ ಒಡೆದು ಇಟ್ಟಿದ್ದೀರಲ್ಲಮ್ಮ ಅಂತ ಅನ್ನಬೇಕೆನಿಸಿತು. ಅಷ್ಟರಲ್ಲಿ ಅವರು, “ಯಾಕಪ್ಪ, ಏನಾದ್ರೂ ತೊಂದ್ರೆ ಆಯ್ತಾ?” ಅಂತ ಸೌಟು ಹಿಡಿದುಕೊಂಡು ನಿಂತರು. ದಿನಾ ಬೆಳಗ್ಗೆ ಎದ್ದು ಸೊಸೆಗೆ ಅಡುಗೆ ಮಾಡಿ ಕಳಿಸುತ್ತಿದ್ದ ಹೆಂಗಸು.

“ಏನಿಲ್ಲಮ್ಮ, ನಮಗೆ ಪ್ರಸಾದ ಕೊಡ್ಲಿಲ್ವಲ್ಲ ಅಂತ ಕೇಳ್ದೆ,” ಅಂದೆ. ಹಿಂದೆ ನಿಂತಿದ್ದ ಜೊತೆಗಾರ ಕೆಮ್ಮುತ್ತ ಹಿತ್ತಲಿಗೆ ಓಡಿದ.

ಉಳಿದವನ್ನೆಲ್ಲ ಒಂದೊಂದಾಗಿ ಎತ್ತಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿದೆ. ಗಟ್ಟಿ ಇದ್ದದ್ದು ಗಂಟೆಯ ಹಾಗೆ ಅನ್ನುತ್ತದೆ, ಸೀಳು ಬಿಟ್ಟದ್ದು ಲೊಟ್ ಅನ್ನುತ್ತದೆ. ಕಟ್ಟೆಗೆ ಬೇಕಾದ ಉದ್ದದಲ್ಲಿ ಎರಡೇ ಒಳ್ಳೆಯವು ಸಿಕ್ಕಿದವು. ಒಂದು ಮೇಲಕ್ಕೆ, ಒಂದು ಮುಂದಕ್ಕೆ. ಅಂಗಡಿಗೆ ಫೋನ್ ಮಾಡಿದರೆ ಆ ಲಾಟ್ ಮುಗಿದಿದೆ, ಇನ್ನು ಬರುವುದು ಬೇರೆ ಛಾಯೆ ಅಂದರು. ಟೈಲ್ಸ್ ಸಾಗಿಸುವಾಗ ಪೆಟ್ಟಾಗಿದೆ ಅಂತ ಮಾತ್ರ ಯಜಮಾನರಿಗೆ ಹೇಳಿದೆ. ಅವರು, “ಸ್ಟೀಲ್ ಪಟ್ಟಿ ಹೊಡ್ದುಬಿಡಿ ಮೇಸ್ತ್ರಿ. ಅವಳಿಗೆ ನಾನು ಹೇಗೋ ಹೇಳ್ಕೋತೀನಿ,” ಅಂದರು. ಆ ದನಿ ಕೇಳಿ ನನಗೆ ಹಟ ಬಂತು. ಪಟ್ಟಿ ಹೊಡೆಯುವುದಿಲ್ಲ ಸಾರ್, ಕೊಯ್ದೇ ಕೊಡುತ್ತೇನೆ ಅಂದೆ. ಅಂದು ಫೋನ್ ಇಟ್ಟ ಮೇಲೆ ಆ ಎರಡು ಟೈಲ್ಸನ್ನು ಇನ್ನೊಂದು ಸಲ ತಟ್ಟಿ ನೋಡಿದೆ.

ಮಾರನೆಯ ದಿನ ಹೊಸ ಬ್ಲೇಡು ಹಾಕಿದೆ. ಸೀಳುಬಿಟ್ಟ ಒಂದು ಟೈಲ್ಸಿನ ಮೇಲೆ ಬೇಕಾದಷ್ಟು ಸಲ ಅಭ್ಯಾಸ ಮಾಡಿಕೊಂಡೆ. ಕೊಯ್ತ ಕೊನೆ ಮುಟ್ಟುವಾಗ ತುದಿ ಒಡೆಯುವುದು ಸಾಮಾನ್ಯ. ಅದಕ್ಕೇ ಮೊದಲು ಎರಡೂ ತುದಿಗಳಿಂದ ಒಳಮುಖವಾಗಿ ಒಂದೊಂದು ಗೇಣು ಕೊಯ್ದು, ಆಮೇಲೆ ನಡುವಿನದನ್ನು ಸೇರಿಸಬೇಕು. ಎರಡೂ ಕಡೆಯಿಂದ ಬಂದ ಗೆರೆ ಒಂದಕ್ಕೊಂದು ಸೇರದಿದ್ದರೆ ನಡುವೆ ಮೆಟ್ಟಿಲಾಗುತ್ತದೆ. ಪಕ್ಕದ ಮನೆಯ ಬೋರ್‌ವೆಲ್ ಮೋಟರ್ ಶುರುವಾದರೆ ಕರೆಂಟು ಕುಗ್ಗುತ್ತದೆ ಅಂತ ಗೊತ್ತಿತ್ತು, ಜೊತೆಗಾರ ಹೋಗಿ ಸ್ವಲ್ಪ ಹೊತ್ತು ಹಾಕಬೇಡಿ ಅಂತ ಹೇಳಿ ಬಂದ.

ಮೇಲಿನ ಟೈಲ್ಸಿಗೆ ಕೈಯಿಟ್ಟೆ. ಎರಡು ತುದಿಯೂ ಆಯಿತು. ನಡುವಿನದರಲ್ಲಿ ಅರ್ಧ ಬಂದಿದ್ದೆ, ಮಷಿನ್ನಿನ ಸದ್ದು ಇಳಿಯಿತು. ಯಾರೋ ಮೋಟರ್ ಹಾಕಿದ್ದರು. ಬ್ಲೇಡು ಟೈಲ್ಸಿನೊಳಗೆ ಗುಂಯ್ಗುಡುತ್ತ ನಿಧಾನವಾಯಿತು. ಎತ್ತಿದರೆ ಅಂಚು ಹಾರುತ್ತದೆ, ದೂಡಿದರೆ ಬ್ಲೇಡು ಹಿಡಿದು ಒದೆಯುತ್ತದೆ. ಹಾಗೇ ಹಿಡಿದುಕೊಂಡೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬಾಯಿ ಬಿಟ್ಟು ಹೇಳಲು ಆಗಲಿಲ್ಲ, ಕಣ್ಣಲ್ಲೇ ಜೊತೆಗಾರನಿಗೆ ಪಕ್ಕದ ಮನೆ ತೋರಿಸಿದೆ. ಅವನು ಗೇಟಿನ ಕಡೆಗೆ ಹೋಗಲೇ ಇಲ್ಲ, ಕಾಂಪೌಂಡನ್ನೇ ಹಾರಿದ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು, ಒರೆಸಿಕೊಳ್ಳುವ ಹಾಗಿಲ್ಲ. ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದೆ. ಇದು ಹೋದರೆ ಆಯಿತು, ಇನ್ನು ಪಟ್ಟಿಯೇ ಗತಿ ಅಂತ ಮನಸ್ಸು ಹೇಳುತ್ತಲೇ ಇತ್ತು. ಕೊನೆಗೆ ಮಷಿನ್ನಿನ ದನಿ ಮೇಲೇರಿತು. ಎರಡು ಉಸಿರು ತಡೆದು, ಮತ್ತೆ ದೂಡಿದೆ. ಗೆರೆ ಗೆರೆಗೆ ಸೇರಿತು.

ಟೇಪ್ ಕಿತ್ತು ನೋಡಿದರೆ ಒಂದು ನುಚ್ಚೂ ಹಾರಿರಲಿಲ್ಲ. ಅದೇ ಕೈಯಲ್ಲಿ ಮುಂದಿನ ಟೈಲ್ಸನ್ನೂ ಮುಗಿಸಿದೆ. ಪ್ಯಾಡಿನಲ್ಲಿ ತಿಕ್ಕಿ ತಿಕ್ಕಿ ಬಣ್ಣದ ಗೆರೆಗೆ ತಂದು, ಎರಡನ್ನೂ ಕಟ್ಟೆಯ ಮೇಲೆ ಅಂಟಿಲ್ಲದೆ ಜೋಡಿಸಿದೆವು. ಮೇಲಿನ ಬೂದು ಮುಂದಿನ ಬೂದಿಗೆ ಬಾಗಿ ಇಳಿದ ಹಾಗಿತ್ತು. ಎರಡು ಟೈಲ್ಸ್ ಅಂತ ಹೇಳಲು ಬರುತ್ತಿರಲಿಲ್ಲ. ಜೊತೆಗಾರ ಹೊಗಳುವವನೇ ಅಲ್ಲ. ಅವನೂ ಸೊಂಟದ ಮೇಲೆ ಕೈಯಿಟ್ಟು, “ಬುಡು ಮಗ, ಕೆಲ್ಸ ಅಂದ್ರೆ ಇದು,” ಅಂದ.

ನಮ್ಮ ಕಸುಬಿನವರಿಗೆ ಒಂದು ಚಾಳಿ ಇದೆ. ಅಂಚು ಮುಗಿದ ಮೇಲೆ ಹೆಬ್ಬೆರಳನ್ನು ಅದರುದ್ದಕ್ಕೂ ಓಡಿಸಿ ನೋಡುತ್ತೇವೆ, ಎಲ್ಲಿಯೂ ತಡೆಯಬಾರದು. ನಾನೂ ಓಡಿಸಿದೆ, ಈ ತುದಿಯಿಂದ ಆ ತುದಿಗೆ, ಖುಷಿಗೆ ಇನ್ನೊಂದು ಸಲ. ಎಲ್ಲಿಯೂ ತಡೆಯಲಿಲ್ಲ. ಕೈ ತೆಗೆದು ನೋಡಿದರೆ ಬೂದು ಟೈಲ್ಸಿನ ಮೇಲೆ ಅಲ್ಲಲ್ಲಿ ಕೆಂಪು ಹನಿ. ಎಲ್ಲಿಂದ ಬಂತು ಅಂತ ಸುತ್ತ ನೋಡಿದೆ. ಆಮೇಲೆ ನನ್ನ ಹೆಬ್ಬೆರಳು ನೋಡಿಕೊಂಡೆ. ಉದ್ದಕ್ಕೆ ಸೀಳಿತ್ತು. ಬೆಳಗಿನಿಂದ ನೀರಿನಲ್ಲಿ ನೆನೆದು ಮರಗಟ್ಟಿದ್ದ ಬೆರಳು, ನೋವೇ ಗೊತ್ತಾಗಿರಲಿಲ್ಲ.

ಅಲ್ಲೇ ಆ ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ನನಗೆ ರಕ್ತ ಕಂಡಿತು. ಅವರ ತೊಡೆಯ ಕೆಳಗೆ ಆದರೆ ಅವರಿಗೆ ಕಾಣುವುದೂ ಇಲ್ಲ, ತಿಳಿಯುವುದೂ ಇಲ್ಲ. ಬಾಗಿಲು ಹಾಕಿಕೊಂಡು ಒಬ್ಬರೇ ಇರುತ್ತಾರೆ. ಕಾಲಿನ ಹುಣ್ಣು ಇಂಥವರಿಗೆ ಬೇಗ ಮಾಯುವುದಿಲ್ಲ, ಅದಕ್ಕೇ ಮತ್ತೆ ಆಸ್ಪತ್ರೆ ಸೇರುವವರಿದ್ದಾರೆ ಅಂತ ಯಜಮಾನರು ಒಮ್ಮೆ ಮಾತಿಗೆ ಹೇಳಿದ್ದರು. ಹೆದರಿಕೆಯಾಯಿತು, ನಿಜವಾಗಿ ಹೆದರಿಕೆ. ಇಷ್ಟು ಹೊತ್ತು ಬೆವರು ಸುರಿಸಿ ನಾನು ಮಾಡಿಟ್ಟದ್ದು ಚಾಕು.

“ಅಂಚು ಇಳಿಸ್ಬೇಕು. ಗುಂಡಗೆ ಮಾಡ್ಬೇಕು,” ಅಂದೆ.

ಜೊತೆಗಾರ ನನ್ನ ಮುಖವನ್ನೇ ನೋಡಿದ. “ತಲೆ ಕೆಟ್ಟೈತೇನೋ ನಿಂಗೆ? ತಿಕ್ಕಿದ್ರೆ ಒಳಗಿನ ಬಿಳಿ ಎದ್ದು ಬತ್ತದೆ. ಇದಕ್ಕಾ ಇಷ್ಟು ಒದ್ದಾಡಿದ್ದು? ಊರಿಗೆಲ್ಲ ತೋರ್ಸೋ ಅಂಗೈತೆ ಕಣೋ.”

“ಊರಿನವರ ತೊಡೆ ಅಲ್ವಲ್ಲ ಇದ್ರ ಮೇಲೆ ಹೋಗೋದು.”

ಅವನು ನನ್ನ ಬೆರಳಿಗೆ ಬಟ್ಟೆ ಸುತ್ತಿಕೊಟ್ಟ. ಎರಡು ಟೈಲ್ಸನ್ನೂ ಅಂಟಿಸಿದ, ಸಂದಿಗೆ ಬೂದು ಬಣ್ಣದ ಎಪಾಕ್ಸಿ ಅಂಟು ತುಂಬಿದ. ಅದು ಗಟ್ಟಿಯಾದ ಮೇಲೆ ನಾನು ಮಷಿನ್ ಮುಟ್ಟಲಿಲ್ಲ. ಒಂದು ಮರದ ತುಂಡಿಗೆ ಪ್ಯಾಡ್ ಸುತ್ತಿಕೊಂಡು, ನೀರು ಹಾಕಿಕೊಂಡು, ಕೈಯಲ್ಲೇ ಉಜ್ಜಿದೆ. ಮೊದಲ ಎಳೆತಕ್ಕೇ ಬಿಳಿ ಕಂಡಿತು. ಸುಳ್ಳೇಕೆ ಹೇಳಲಿ, ಅಲ್ಲಿಗೇ ನಿಲ್ಲಿಸಿಬಿಡೋಣ ಅನ್ನಿಸಿತು. ಉಜ್ಜುತ್ತ ಹೋದ ಹಾಗೆ ಕಟ್ಟೆಯ ಉದ್ದಕ್ಕೂ ಮಲ್ಲಿಗೆ ಕಟ್ಟುವ ದಾರದಷ್ಟು ದಪ್ಪದ ಬಿಳಿ ಗೆರೆ ಎದ್ದಿತು. ಜೊತೆಗಾರ ತನ್ನ ಹಳೆಯ ಬನಿಯನ್ ಒದ್ದೆ ಮಾಡಿ ಅಂಚಿನ ಮೇಲೆ ಎಳೆಯುತ್ತಿದ್ದ. ಮೊದಮೊದಲು ಎಳೆ ಕಿತ್ತು ಬರುತ್ತಿತ್ತು. ಕಿತ್ತ ಕಡೆ ಬೆರಳಿಟ್ಟು ತೋರಿಸುತ್ತಿದ್ದ, ನಾನು ಅಲ್ಲಿ ಮತ್ತೆ ಉಜ್ಜುತ್ತಿದ್ದೆ. ಬನಿಯನ್ ಎಲ್ಲಿಯೂ ಹಿಡಿಯದ ಮೇಲೆ ಮುಂಗೈಯ ಒಳಭಾಗವನ್ನು ಒತ್ತಿ ಎಳೆದು ನೋಡಿದೆ, ಅಲ್ಲಿ ಚರ್ಮ ಮೆತ್ತಗಿರುತ್ತದೆ. ಗೀರೂ ಬೀಳಲಿಲ್ಲ.

ಸಂಜೆ ಯಜಮಾನರು ಬಂದು ನೋಡಿದರು. ಬಿಳಿ ಗೆರೆ ಕಂಡಕೂಡಲೇ ಅವರ ಮುಖ ಬಿಗಿಯಿತು. “ಪಟ್ಟಿ ಬೇಡ ಅಂದವರು ನೀವೇ. ಈಗ ಇದು ಬಿಳಿ ಪಟ್ಟಿ ಹೊಡೆದ ಹಾಗೇ ಇದೆಯಲ್ಲ. ಅವಳು ಕೇಳಿದ್ದು ಅದೊಂದೇ ಕಣ್ರೀ,” ಅಂದರು. ಬೆರಳಿನ ಬಟ್ಟೆ ಬಿಚ್ಚಿ ತೋರಿಸಿದೆ, ಏನಾಯಿತೆಂದು ಹೇಳಿದೆ. ಅವರು ಅಂಚಿನುದ್ದಕ್ಕೂ ಅಂಗೈ ಆಡಿಸಿ ನೋಡಿದರು. “ಶುಕ್ರವಾರ ನೀವೂ ಬನ್ನಿ,” ಅಂದರು.

ಆ ಶುಕ್ರವಾರ ಹೋಗಲು ನನಗೆ ಮನಸ್ಸಿರಲಿಲ್ಲ. ಆದರೆ ಮೂಲೆಯ ಸಂದಿಗೆ ತುಂಬಿದ್ದ ಸಿಲಿಕೋನ್ ಒಣಗಿದೆಯೇ ನೋಡಬೇಕಿತ್ತು. ಮೇಡಂ ಗಾಲಿಕುರ್ಚಿಯನ್ನು ತಾವೇ ತಳ್ಳಿಕೊಂಡು ನೇರ ಬಚ್ಚಲಿಗೇ ಬಂದರು, ಹಾಲಿನಲ್ಲಿ ನಿಲ್ಲಲೂ ಇಲ್ಲ. ಫೋನಿನಲ್ಲಿ ಕಂಡಿದ್ದಕ್ಕಿಂತ ಸಣಕಲಾಗಿದ್ದರು, ತೋಳು ಮಾತ್ರ ಗಟ್ಟಿ. ಗೋಡೆ ನೋಡಿದರು, ನಲ್ಲಿ ತಿರುಗಿಸಿದರು, ಕೊನೆಗೆ ಕಟ್ಟೆಯ ಅಂಚಿನ ಮೇಲೆ ಬೆರಳಿಟ್ಟರು.

“ಇದು ಯಾಕೆ ಬಿಳಿ?”

ಹೇಳಿದೆ. ಮೊದಲು ಹೇಗೆ ಬಂದಿತ್ತು, ಯಾಕೆ ಇಳಿಸಿದೆ, ಎಲ್ಲ.

“ಇಳಿಸೋ ಮುಂಚೆ ನನ್ನನ್ನ ಕೇಳ್ಬೇಕು ಅನ್ನಿಸ್ಲಿಲ್ವಾ? ನನ್ನ ಕಾಲು ಕಣ್ರೀ. ಎಲ್ಲಾರೂ ಸೇರಿ ನನ್ನ ಪರವಾಗಿ ತೀರ್ಮಾನ ಮಾಡೋದೇ ಆಯ್ತು.”

ಕ್ಲಾಸಿನಲ್ಲಿ ನಿಲ್ಲಿಸಿ ಕೇಳಿದ ಹಾಗಿತ್ತು. ಮುಖ ಬಿಸಿಯಾಯಿತು. “ಕೇಳಿದ್ರೆ ನೀವು ಬೇಡ ಅಂತಿದ್ರಿ ಮೇಡಂ,” ಅಂದುಬಿಟ್ಟೆ.

ಅವರು ನನ್ನನ್ನೇ ನೋಡಿದರು. “ಹೌದು. ಅಂತಿದ್ದೆ,” ಅಂದರು. ನಕ್ಕರೋ ಇಲ್ಲವೋ ಹೇಳಲಾರೆ.

ಕುರ್ಚಿಯನ್ನು ಪಕ್ಕಕ್ಕೆ ತಂದು ಬ್ರೇಕ್ ಹಾಕಿದರು. ಕಂಬಿ ಹಿಡಿದರು. ಯಜಮಾನರು ಕೈ ಚಾಚಿದರು, ಅವರು ತಲೆ ಅಲ್ಲಾಡಿಸಿದರು. ಮೈ ಎತ್ತಿ, ಜಾರಿ, ಅಂಚು ದಾಟಿ ಕಟ್ಟೆಯ ಮೇಲೆ ಕೂತರು. ಮತ್ತೆ ಕುರ್ಚಿಗೆ, ಮತ್ತೆ ಕಟ್ಟೆಗೆ. ನಾನು ಆ ನೈಟಿಯ ಬಟ್ಟೆಯನ್ನೇ ನೋಡುತ್ತಿದ್ದೆ, ಎಲ್ಲಿಯಾದರೂ ಹಿಡಿಯುತ್ತದೇನೋ ಅಂತ. ಹಿಡಿಯಲಿಲ್ಲ.

“ಸರಿ, ಬಕೆಟ್ ಇಲ್ಲಿಡಿ. ಎಲ್ಲಾರೂ ಆಚೆ ಹೋಗಿ,” ಅಂದರು.

ಅತ್ತೆ, “ಇವತ್ತೊಂದಿನ ನಾನು ಜೊತೇಲಿರ್ತೀನಿ ಕಣಮ್ಮ,” ಅಂದರು.

“ಬೇಡ ಅತ್ತೆ.”

ಬಾಗಿಲು ಮುಚ್ಚಿತು. ಒಳಗಿನಿಂದ ಚಿಲಕ ಹಾಕಿದ ಸದ್ದಾಯಿತು. ನಾನು ಹೊರಡಬೇಕಿತ್ತು, ಕಾಲು ಏಳಲಿಲ್ಲ. ನಾವು ಮೂವರೂ ಆ ಬಾಗಿಲ ಮುಂದೆ ಉಸಿರು ಬಿಗಿಹಿಡಿದು ನಿಂತೆವು. ಕಂಬಿ ಕಿರುಗುಟ್ಟಿತು. ಏನೋ ಕೆಳಗೆ ಬಿತ್ತು, ಸೋಪಿನ ಡಬ್ಬಿ ಇರಬೇಕು. ಯಜಮಾನರು ಬಾಗಿಲು ತಟ್ಟಲು ಕೈಯೆತ್ತಿದರು, ಅವರ ತಾಯಿ ಆ ಕೈ ಹಿಡಿದುಕೊಂಡರು. ಆಮೇಲೆ ಎಷ್ಟೋ ಹೊತ್ತು ಏನೂ ಕೇಳಿಸಲಿಲ್ಲ.

“ಬಾಗ್ಲು ಸಂದೀಲಿ ನಿಮ್ಮ ಕಾಲೆಲ್ಲ ಕಾಣ್ತಿದೆ,” ಅಂತ ಒಳಗಿಂದ ದನಿ ಬಂತು. “ಹೋಗಿ ಎಲ್ಲಾರೂ. ನಾನು ಸ್ನಾನ ಮಾಡ್ಬೇಕು.”

ಮೂವರೂ ಕಳ್ಳರ ಹಾಗೆ ಹೆಜ್ಜೆ ಹಿಂದಿಟ್ಟೆವು. ಹಾಲಿಗೆ ಬರುವಷ್ಟರಲ್ಲಿ ಮೊದಲ ಚೊಂಬು ನೀರು ಬಿದ್ದ ಸದ್ದು ಕೇಳಿಸಿತು, ಹಿಂದೆಯೇ ಇನ್ನೊಂದು.